ಹಾಡು ಕಲಿತ ಮೇಲೆ ಸೊಪ್ಪಿನವ್ರ ಕೂಗೂ ಸ್ವರದಲ್ಲೇ ಕೇಳ್ಸುತ್ತೆ, ನಿಮಗ್ಯಾರಿಗಾದ್ರೂ ಹಿಂಗಾಗಿದ್ಯಾ?

ತಡವಾಗಿ_ಸರಿಗಮ (ಮೈಸೂರು):
ಎಲ್ರಿಗೂ ನಮಸ್ಕಾರ. ನಂಗೀಗ 47, ಕುವೆಂಪುನಗರದಲ್ಲಿ ಮನೆ. ಮೂರು ವರ್ಷದ ಹಿಂದೆ ಮಗಳನ್ನ ಸಂಗೀತದ ಕ್ಲಾಸಿಗೆ ಬಿಡಕ್ಕೆ ಅಂತ ಹೋಗಿ, ಆಚೆ ಜಗಲಿ ಮೇಲೆ ಕೂತು ಕೇಳಿ ಕೇಳಿ ಕೊನೆಗೆ ನಾನೇ ಸೇರ್ಕೊಂಡೆ, ಮಗಳು ಆರೇ ತಿಂಗಳಿಗೆ ಬಿಟ್ಟಳು ನಾನು ಬಿಡ್ಲಿಲ್ಲ. ಚಿಕ್ಕೋಳಿದ್ದಾಗ ಸ್ಕೂಲಲ್ಲಿ ಪ್ರಾರ್ಥನೆಗೆ ನಿಲ್ಸಿದ್ರೆ "ನೀನು ಬರೀ ತುಟಿ ಆಡ್ಸಮ್ಮ, ಸೌಂಡ್ ಬೇಡ" ಅಂತ ಟೀಚರ್ ಅಂದಿದ್ರು, ಅವತ್ತಿಂದ ಬಚ್ಚಲುಮನೇಲೂ ಹಾಡಿರ್ಲಿಲ್ಲ ನಾನು.

ವಿಷಯ ಏನಪ್ಪ ಅಂದ್ರೆ, ಒಂದು ವರ್ಷದಿಂದ ನಂಗೆ ಮಾತು ಬೇರೆ ಥರ ಕೇಳ್ತಿದೆ. ಬೆಳಗ್ಗೆ ಏಳೂವರೆಗೆ ನಮ್ಮ ಬೀದೀಲಿ ಒಬ್ರು ಸೊಪ್ಪು ತರ್ತಾರೆ, "ಸೊಪ್ಪೋ..." ಅಂತ ಎಳೀತಾರಲ್ಲ, "ಸೊಪ್" ಅನ್ನೋದು ಸ ದಲ್ಲಿ, "ಪೋ" ಅನ್ನೋದು ಹತ್ಕೊಂಡು ಹೋಗಿ ಸರಿಯಾಗಿ ಗ ಮೇಲೆ ನಿಲ್ಲುತ್ತೆ, ಆಮೇಲೆ "ದಂಟು ಕೀರೆ ಸಬ್ಬಸ್ಗೆ ಮೆಂತ್ಯ" ಅಷ್ಟೂ ಒಂದೇ ಸ ದಲ್ಲಿ ಚಪ್ಪಟೆ. ಹತ್ತು ವರ್ಷದಿಂದ ಅದೇ ಕೂಗು ಕೇಳಿದೀನಿ, ಈ ಸ ಗ ಎಲ್ಲಿತ್ತು ಇಷ್ಟು ದಿನ? ನಮ್ಮೆಜಮಾನ್ರು "ಹೂಂ" ಅಂದ್ರೆ ಅದು ಕೇಳಿಸ್ಕೊಂಡ ಹೂಂ ಆ ಅಥ್ವಾ ಪೇಪರ್ ಓದ್ತಾ ಅಂದ ಹೂಂ ಆ ಅಂತ ಅಡುಗೆಮನೆಯಿಂದಾನೇ ಗೊತ್ತಾಗ್ಬಿಡತ್ತೆ (ಇದು ಸಂಸಾರಕ್ಕೆ ಒಳ್ಳೇದಲ್ಲ ಅಂತ ಅವ್ರ ಅಭಿಪ್ರಾಯ).

ಇದು ಕಿವಿ ಬದಲಾಗಿದ್ದಾ, ತಲೆ ಬದಲಾಗಿದ್ದಾ, ಇಲ್ಲ ಬರೀ ನನ್ ಭ್ರಮೆನಾ? ಇನ್ನೊಂದು, ನಮ್ಮಮ್ಮಂಗೆ 74. ಮನೇಲಿ ಪರವಾಗಿಲ್ಲ, ಛತ್ರದಲ್ಲಿ ಊಟಕ್ಕೆ ಕೂತ್ರೆ ಪಕ್ಕದೋರು ಏನಂದ್ರು ಅಂತ್ಲೇ ಗೊತ್ತಾಗಲ್ಲ, ಸುಮ್ನೆ ನಗ್ತಾರೆ. ಅವ್ರನ್ನೂ ಹಾಡಕ್ಕೆ ಕೂರಿಸಿದ್ರೆ ಪ್ರಯೋಜನ ಆಗುತ್ತಾ?

ಶ್ರುತಿಪೆಟ್ಟಿಗೆ:
ಮೇಡಂ, ನಾನು ಇಪ್ಪತ್ತು ವರ್ಷದಿಂದ ಮನೇಲಿ ಪಾಠ ಹೇಳ್ಕೊಡ್ತಿದೀನಿ. ನಿಮ್ಮದು ಭ್ರಮೆ ಅಲ್ಲ. ಎರಡು ಮೂರು ವರ್ಷ ಬಿಡದೆ ಸಾಧನೆ ಮಾಡಿದೋರು ಸುಮಾರು ಜನ ಇದನ್ನೇ ಹೇಳ್ತಾರೆ, ಒಬ್ಬ ಹುಡ್ಗ ಅಂತೂ ರೈಲಿನ ಹಾರನ್‌ಗೆ ರಾಗ ಹೇಳಕ್ಕೆ ಶುರು ಮಾಡಿದ್ದ.

ಮೊದಲನೇ ದಿನ ಬಂದೋರಿಗೆ ಶ್ರುತಿ ಹಾಕಿ "ಸ ಹಿಡೀರಿ" ಅಂದ್ರೆ, ಹತ್ತಿರ ಬಂದ್ರೆ ಸಾಕು ಸೇರ್ತು ಅನ್ಕೋತಾರೆ. ಶ್ರುತಿ 196 ಹರ್ಟ್ಜ್‌ನಲ್ಲಿ ಇದೆ, ನೀವು 199ರಲ್ಲಿ ಹಾಡ್ತಿದೀರ ಅಂತಿಟ್ಕೊಳ್ಳಿ, ಆಗ ಸೆಕೆಂಡಿಗೆ ಮೂರು ಸಲ ವೂಂವ್ ವೂಂವ್ ವೂಂವ್ ಅಂತ ಒಂದು ಅಲುಗಾಟ ಇರುತ್ತೆ. ಹೊಸಬರಿಗೆ ಅದು ಕೇಳ್ಸೋದೇ ಇಲ್ಲ! ಶಬ್ದ ಅಲ್ಲೇ ಇದೆ, ಕಿವಿಗೂ ಬೀಳ್ತಿದೆ, ಆದ್ರೂ ಇಲ್ಲ. ಆರು ತಿಂಗಳು ಸರಳೆ ವರಸೆ ಜಂಟಿ ವರಸೆ ಮಾಡಿದ್ಮೇಲೆ ಒಂದಿನ "ಮಿಸ್, ಇವತ್ತು ಶ್ರುತಿಪೆಟ್ಟಿಗೆ ನಡುಗ್ತಿದೆ" ಅಂತಾರೆ, ಪೆಟ್ಟಿಗೆ ಅವತ್ತೂ ಹಂಗೇ ಇತ್ತು ಇವತ್ತೂ ಹಂಗೇ ಇದೆ. ಆ ನಡುಕ ನಿಧಾನ ಆಗ್ತಾ ಆಗ್ತಾ ನಿಂತುಹೋಗುತ್ತಲ್ಲ, ಅದು ಸೇರಿದ ಜಾಗ.

ಪಾಠನ ಮಾಯಾಮಾಳವಗೌಳ ರಾಗದಲ್ಲೇ ಯಾಕೆ ಶುರು ಮಾಡ್ತೀವಿ ಅಂತ ಎಲ್ರೂ ಕೇಳ್ತಾರೆ. ಅದ್ರಲ್ಲಿ ಸ ರಿ ಪಕ್ಕ ಪಕ್ಕ, ರಿ ಗ ದೂರ, ಮತ್ತೆ ಗ ಮ ಪಕ್ಕ. ಒಂದೇ ಸಾಲಲ್ಲಿ ಚಿಕ್ಕ ಹೆಜ್ಜೆ ದೊಡ್ಡ ಹೆಜ್ಜೆ ಎರಡೂ ಗಂಟಲಿಗೆ ಅಭ್ಯಾಸ ಆಗುತ್ತೆ. ಗಂಟಲು ಎಷ್ಟು ಸಣ್ಣ ಹೆಜ್ಜೆ ಇಡಕ್ಕೆ ಕಲೀತೋ ಕಿವಿನೂ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯುತ್ತೆ, ನನ್ ಅನುಭವ ಇದು, ಇದ್ರ ಸೈನ್ಸ್ ನಂಗೊತ್ತಿಲ್ಲ.

ಗಂಗೋತ್ರಿ_ಹಾಸ್ಟೆಲ್:
ಸೈನ್ಸ್ ನಾನು ಸ್ವಲ್ಪ ಹೇಳ್ತೀನಿ, ಆಡಿಯಾಲಜಿ, ಅಂದ್ರೆ ಕಿವಿ ಕೇಳೋದ್ರ ವಿಜ್ಞಾನ, ಓದ್ತಿದೀನಿ ಇಲ್ಲೇ ಮಾನಸಗಂಗೋತ್ರೀಲಿ. ನಾಳೆ ಇಂಟರ್ನಲ್ಸ್ ಇದೆ, ಆದ್ರೂ ಟೈಪ್ ಮಾಡ್ತಾ ಕೂತಿದೀನಿ.

ಸರಿಗಮ ಆಂಟಿ, ನಿಮ್ಮ ಕಿವಿ, ಅಂದ್ರೆ ಒಳಗಿವಿ ಕಾಕ್ಲಿಯಾ, ಅದು ಮೂರು ವರ್ಷದಲ್ಲಿ ಉತ್ತಮ ಆಗಿರಲ್ಲ, ವಯಸ್ಸಾದಂಗೆ ಸ್ವಲ್ಪ ಸ್ವಲ್ಪ ಸವೆಯೋದೇ ಅದ್ರ ಕೆಲ್ಸ. ಬದಲಾಗೋದು ಅದ್ರಿಂದ ಮೇಲಕ್ಕೆ. ತಲೆ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಕಿವಿಗೆ "ದ" ಅಂತ ಒಂದೇ ಅಕ್ಷರ ಸಾವಿರಾರು ಸಲ ಕೇಳಿಸ್ತಾರೆ, ಕೂತಿರೋರು ಸಿನಿಮಾ ನೋಡ್ಕೊಂಡು ಆರಾಮಾಗಿರಬಹುದು. ಆಗ ಮಿದುಳುಕಾಂಡದಿಂದ, ಅಂದ್ರೆ ಬ್ರೈನ್‌ಸ್ಟೆಮ್ ಕಡೆಯಿಂದ ಬರೋ ಕರೆಂಟಿನ ಅಲೆ ಇದ್ಯಲ್ಲ, ಅದು ಕೇಳಿಸಿದ ಶಬ್ದದ ಅಲೆನೇ ನಕಲು ಮಾಡಿರುತ್ತೆ. ಎಷ್ಟರಮಟ್ಟಿಗೆ ಅಂದ್ರೆ ಆ ಕರೆಂಟನ್ನ ತಗೊಂಡೋಗಿ ಸ್ಪೀಕರ್‌ಗೆ ಕೊಟ್ರೆ ಏನು ಕೇಳಿಸಿದ್ರು ಅಂತ ಗುರುತು ಹಿಡೀಬಹುದು. ನಂಗೆ ಫಸ್ಟ್ ಇಯರಲ್ಲಿ ಇದು ಗೊತ್ತಾದಾಗ ರಾತ್ರಿ ನಿದ್ದೆ ಬರ್ಲಿಲ್ಲ.

2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟೀಲಿ, ನೀನಾ ಕ್ರೌಸ್ ಅವ್ರ ಲ್ಯಾಬಲ್ಲಿ, ಈ ಥರದ್ದೇ ಒಂದು ಸ್ಟಡಿ ಆಯ್ತು. ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ "ಮಿ" ಅನ್ನೋದನ್ನ ಏರಿಸಿ ಅಂದ್ರೆ ಒಂದರ್ಥ, ಇಳಿಸಿ ಎತ್ತಿದ್ರೆ ಇನ್ನೊಂದರ್ಥ. ಆ ಭಾಷೆ ಒಂದಕ್ಷರ ಬರದೇ ಇರೋರಿಗೆ ಅದನ್ನ ಕೇಳಿಸಿದ್ರು. ಸಂಗೀತ ಕಲಿತೋರ ಬ್ರೈನ್‌ಸ್ಟೆಮ್ ಆ ಏರಿಳಿತವನ್ನ ಕಲೀದೇ ಇರೋರಿಗಿಂತ ಚೊಕ್ಕವಾಗಿ ಹಿಂಬಾಲಿಸ್ತು. ಸಂಗೀತ ಅಲ್ಲ, ಮಾತು ನೋಡಿ! ನಿಮ್ಮ ಸೊಪ್ಪಿನವ್ರ ಕೂಗು ಇದೇ ಜಾತಿ.

ಮಿದುಳಿಂದ ಕಿವಿ ಕಡೆಗೆ ವಾಪಸ್ ಬರೋ ನರಗಳೂ ಇದಾವೆ, ಮೇಲಿನಿಂದ "ಇದನ್ನ ಸ್ವಲ್ಪ ಜೋಪಾನವಾಗಿ ಕಳ್ಸಪ್ಪ" ಅಂತ ಆರ್ಡರ್ ಬರ್ತಾ ಬರ್ತಾ ಕೆಳಗಿನೋರ ಕೆಲಸವೂ ನುಣುಪಾಗುತ್ತೆ ಅನ್ನೋದು ಒಂದು ವಿವರಣೆ.

ಲೆಕ್ಕದ_ಮೇಷ್ಟ್ರು:
ಸಂತೋಷ. ಒಂದು ಪ್ರಶ್ನೆ. ಸಂಗೀತ ಕಲಿತಿದ್ದಕ್ಕೆ ಮಿದುಳು ಹಂಗಾಯ್ತೋ, ಮಿದುಳು ಮೊದ್ಲೇ ಹಂಗಿದ್ದಿದ್ದಕ್ಕೆ ಸಂಗೀತ ಕಲಿಯಕ್ಕೆ ಹೋದ್ರೋ? ಬ್ಯಾಸ್ಕೆಟ್‌ಬಾಲ್ ಆಡೋರೆಲ್ಲ ಎತ್ತರ ಇದಾರೆ ಅಂತ ಬ್ಯಾಸ್ಕೆಟ್‌ಬಾಲ್ ಆಡಿದ್ರೆ ಎತ್ತರ ಆಗ್ತೀವಿ ಅನ್ನಕ್ಕಾಗುತ್ತಾ. 2014ರಲ್ಲಿ ಸ್ವೀಡನ್ನಿನ ಅವಳಿಗಳ ಮೇಲೆ ದೊಡ್ಡ ಅಧ್ಯಯನ ಬಂತು. ಒಂದೇ ಜೀನ್ ಇರೋ ಅವಳಿ, ಒಬ್ರು ಜಾಸ್ತಿ ಅಭ್ಯಾಸ ಮಾಡಿದಾರೆ ಇನ್ನೊಬ್ರು ಕಮ್ಮಿ, ಆದ್ರೂ ಸ್ವರ ವ್ಯತ್ಯಾಸ ಗುರುತಿಸೋ ಪರೀಕ್ಷೇಲಿ ಜಾಸ್ತಿ ಅಭ್ಯಾಸ ಮಾಡಿದೋರು ಮೇಲಿರ್ಲಿಲ್ಲ.

ಗದ್ದಲದಲ್ಲಿ ಮಾತು ಕೇಳೋ ವಿಷಯ ಇನ್ನೂ ಗೋಜಲು. 2009ರಲ್ಲಿ ಅದೇ ನಾರ್ತ್‌ವೆಸ್ಟರ್ನ್‌ನೋರು ಸಂಗೀತಗಾರರಿಗೆ ಗದ್ದಲದಲ್ಲಿ ಮಾತು ಚೆನ್ನಾಗಿ ಕೇಳುತ್ತೆ ಅಂದ್ರು, 2014ರಲ್ಲಿ ಬೇರೆಯೋರು ಮಾಡಿ ನೋಡಿದ್ರೆ ವ್ಯತ್ಯಾಸ ಸಿಗ್ಲಿಲ್ಲ, 2015ರಲ್ಲಿ ಇನ್ನೊಂದು ಗುಂಪಿಗೂ ಸಿಗ್ಲಿಲ್ಲ. ಅಮ್ಮನ್ನ ಹಾಡಕ್ಕೆ ಕೂರಿಸಿ ಮೇಡಂ, ಬೇಡ ಅನ್ನಲ್ಲ, ಮೊದ್ಲು ಹಿಯರಿಂಗ್ ಟೆಸ್ಟ್ ಮಾಡ್ಸಿ. ಹಾಡಿದ್ರೆ ಸರಿಹೋಗುತ್ತೆ ಅಂತ ವರ್ಷಗಟ್ಟಲೆ ಕಾಯ್ಬೇಡಿ.

ಮದ್ದೂರ್_ವಡೆ:
ಮೇಷ್ಟ್ರೇ ಎಲ್ಲಾನೂ ಬೋರ್ಡ್ ಮೇಲೆ ಬರ್ದು ಅಳಿಸ್ಬುಡ್ತೀರಲ್ಲ 😀

ನಮ್ ಕತೆ ಒಸಿ ಕೇಳಿ. ನಮ್ ತಾತ ನೀಲಗಾರ್ರು, ಮಂಟೇಸ್ವಾಮಿ ಒಕ್ಕಲು, ತಂಬೂರಿ ಹಿಡ್ಕಂಡು ರಾತ್ರೆಲ್ಲಾ ಕತೆ ಹಾಡೋರು. ಸರಿಗಮ ಅಂತ ಒಂದಕ್ಸರ ಗೊತ್ತಿರ್ನಿಲ್ಲ. ತಾತ ಒಂದು ಸಾಲು ಎತ್ತುದ್ರೆ ಹಿಂದ್ಗಡೆ ಇರೋರು ಅದುನ್ನೇ ಇಡ್ದು ಮುಂದ್ಕೆ ಒಯ್ತಾರೆ, ಅವರ ಸೊಲ್ಲು ಮುಗಿಯೋಗಂಟ ತಾತಂಗೆ ಮುಂದಿನ ಸಾಲು ಬಾಯಿಗ್ ಬಂದಿರ್ಬೇಕು. ಹಂಗೆ ಎಂಟು ಗಂಟೆ. ಅಂತಾ ತಾತಂಗೆ ಸಂತೇಲಿ ಬೆನ್ನಾಕ್ಕೊಂಡು ನಿಂತಿದ್ರೂವೆ ಯಾರ ದನಿ ಯಾವೂರ್ದು ಅಂತ ಗೊತ್ತಾಗೋದು. "ಇವ ಮಳವಳ್ಳಿ ಕಡೆಯವ, ಇವ ನಾಗಮಂಗಲದವ, ಕೊನೇಲಿ ಎಳೀತಾನೆ ನೋಡ್ಲಾ" ಅನ್ನೋರು. ನಾವು ಚಿಕ್ ಐಕ್ಳು ಓಗಿ ಕೇಳ್ಕಂಡ್ ಬರೋವು, ಸರಿಯಾಗೇ ಇರೋದು. ಇದುಕ್ಕೆ ಯಾವ್ ಲ್ಯಾಬು?

ನಂಗೆ ಗೊತ್ತಾಗ್ದೆ ಇರೋದು ಏನಂದ್ರೆ ಬರೀ ಕೇಳೋರ್ಗೂ ಹಾಡೋರ್ಗೂ ಯತ್ವಾಸ ಏನು ಅಂತ. ನಾನೂ ಅಷ್ಟೇ ಪದ ಕೇಳಿವ್ನಿ, ತಾತನ ತೊಡೆ ಮೇಲೇ ಮಲ್ಗಿ ಕೇಳಿವ್ನಿ. ನಂಗೇನೂ ಬರ್ನಿಲ್ಲ.

ಗಂಗೋತ್ರಿ_ಹಾಸ್ಟೆಲ್:
ಅಣ್ಣ ಈ ಪ್ರಶ್ನೆನೇ ಮುಖ್ಯ! ಬರೀ ಕೇಳೋನಿಗೆ ತಪ್ಪು ಗೊತ್ತಾಗೋ ದಾರಿನೇ ಇಲ್ಲ. ಹಾಡೋನಿಗೆ ಇದೆ. ನೀವು ಬಾಯಿ ತೆಗೆಯೋಕೆ ಮುಂಚೇನೇ "ಈಗ ಇಂಥ ಶಬ್ದ ಬರುತ್ತೆ" ಅಂತ ಮಿದುಳಿನ ಚಾಲನೆಯ ಭಾಗ ಕೇಳೋ ಭಾಗಕ್ಕೆ ಒಂದು ಕಾಪಿ ಕಳಿಸಿರುತ್ತೆ. ಅದಕ್ಕೇ ನಮ್ಮ ದನಿಗೆ ನಮ್ಮ ಶ್ರವಣ ಕಾರ್ಟೆಕ್ಸ್ ಕಮ್ಮಿ ಉತ್ತರ ಕೊಡುತ್ತೆ, ಗೊತ್ತಿರೋದೇ ಬಂತು ಬಿಡು ಅಂತ. ಅಂದ್ಕೊಂಡಿದ್ದು ಬೇರೆ, ಬಂದಿದ್ದು ಬೇರೆ ಆದ್ರೆ ಆಗ ಗಲಾಟೆ. ಹೆಡ್‌ಫೋನಲ್ಲಿ ನಿಮ್ಮ ದನಿನೇ ಸ್ವಲ್ಪ ಮೇಲಕ್ಕೆ ಜಾರಿಸಿ ಕೇಳಿಸಿದ್ರೆ ಒಂದೆರಡು ನೂರು ಮಿಲಿಸೆಕೆಂಡ್ ಒಳಗೆ ಗಂಟಲು ತಾನೇ ಕೆಳಗಿಳಿಯುತ್ತೆ, ನಿಮ್ಮನ್ನ ಕೇಳೋದೂ ಇಲ್ಲ.

ಮಾಂಟ್ರಿಯಲ್‌ನಲ್ಲಿ ಜೀನ್ ಜರಾಟೆ, ರಾಬರ್ಟ್ ಜಟೋರೆ ಅನ್ನೋರು ಇದನ್ನ ಹಾಡುಗಾರರ ಮೇಲೆ ಮಾಡಿದ್ರು, 2008ರ ಪೇಪರ್. ಪೂರ್ತಿ ಒಂದು ಸ್ವರದಷ್ಟು, ನಮ್ ಲೆಕ್ಕದಲ್ಲಿ ಸ ದಿಂದ ಚತುಶ್ರುತಿ ರಿಷಭದಷ್ಟು ಜಾರಿಸಿ "ಅದನ್ನ ಲೆಕ್ಕಕ್ಕೆ ತಗೋಬೇಡಿ, ನಿಮ್ಮ ಸ್ವರ ಹಿಡ್ಕೊಂಡಿರಿ" ಅಂದ್ರೆ ತರಬೇತಿ ಆದೋರು ಹಿಡ್ಕೊಂಡು ನಿಂತ್ರು, ಬೇರೆಯೋರು ಅಷ್ಟು ನಿಲ್ಲಕ್ಕಾಗ್ಲಿಲ್ಲ. ಆಮೇಲೆ 2010ರಲ್ಲಿ ಅದ್ರ ಎಂಟನೇ ಒಂದು ಭಾಗ ಮಾತ್ರ, ಸ್ವರದ ದೂರ ಅಳೆಯೋ ಲೆಕ್ಕದಲ್ಲಿ 25 ಸೆಂಟ್, ಜಾರಿಸಿದ್ರು. ಆಗ ಹಾಡುಗಾರರೂ ನಿಲ್ಲಕ್ಕಾಗ್ಲಿಲ್ಲ, ಗಂಟಲು ಜಾರೇ ಹೋಯ್ತು. ಅಷ್ಟು ಸಣ್ಣದಾದ್ರೆ ತರಬೇತಿಗೂ ಕೈಗೆ ಸಿಗಲ್ಲ.

ಕೇಳೋ ಭಾಗಕ್ಕೂ ನುಡಿಯೋ ಭಾಗಕ್ಕೂ ನಡುವೆ ಒಂದು ನರಗಳ ಕಂತೆ ಇದೆ, ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್ ಅಂತ, ಮಾತಿಗೂ ಅದೇ ಹಾಡಿಗೂ ಅದೇ. 2011ರ ಒಂದು ಸ್ಕ್ಯಾನ್ ಅಧ್ಯಯನದಲ್ಲಿ ಎಡಗಡೆ ಆ ಕಂತೆಯ ಒಂದು ಕವಲಿನ ಗಾತ್ರ ಹಾಡುಗಾರರಲ್ಲಿ ವಾದ್ಯದವ್ರಿಗಿಂತ ಜಾಸ್ತಿ ಇತ್ತು. ಗುಂಪು ಚಿಕ್ಕದು, ಮೇಷ್ಟ್ರು ಬೈಯೋಕೆ ಮುಂಚೆ ನಾನೇ ಹೇಳ್ಬಿಡ್ತೀನಿ.

ನಿಮ್ಮ ತಾತ ಎಂಟು ಗಂಟೆ ಆ ಕಂತೇಲೇ ಓಡಾಡ್ತಿದ್ರು. ನೀವು ತೊಡೆ ಮೇಲೆ ನಿದ್ದೆ ಮಾಡ್ತಿದ್ರಿ.

ಮದ್ದೂರ್_ವಡೆ:
ಸತ್ಯ ಕಣಪ್ಪ. ಸಾಪಾಟಾಗಿ ನಿದ್ದೆ ಒಡೀತಿದ್ದೆ.

ಶ್ರುತಿಪೆಟ್ಟಿಗೆ:
ಇದಕ್ಕೇ ನಾವು ಅಪಸ್ವರ ಹಾಡೋ ಮಕ್ಕಳಿಗೆ ಒಂದು ಕಿವಿ ಮುಚ್ಕೊಂಡು ಹಾಡು ಅನ್ನೋದು. ಮುಚ್ಚಿದ ಕಡೆ ಮೂಳೆಯಿಂದ ತನ್ನ ದನಿ ತುಂಬ್ಕೊಂಡು ಕೇಳುತ್ತೆ, ತೆರೆದ ಕಡೆ ಶ್ರುತಿ ಕೇಳುತ್ತೆ, ಎರಡನ್ನೂ ಹೋಲಿಸಬಹುದು. ತುಂಬ ಮಕ್ಕಳು ಅದೊಂದೇ ಉಪಾಯಕ್ಕೆ ಸರಿಹೋಗ್ತಾರೆ. ಸರಿಗಮ ಮೇಡಂ, ನಿಮಗೆ ತುಟಿ ಆಡ್ಸು ಅಂದ್ರಲ್ಲ, ಅವ್ರು ಒಂದು ನಿಮಿಷ ಇದನ್ನ ಮಾಡಿಸಿದ್ರೆ ಮೂವತ್ತೈದು ವರ್ಷ ಉಳೀತಿತ್ತು.

ಗಂಗೋತ್ರಿ_ಹಾಸ್ಟೆಲ್:
ಹೌದು, ಹುಟ್ಟಾ ಸ್ವರ ಗುರುತಿಸಕ್ಕಾಗದೇ ಇರೋ ಅಮ್ಯೂಸಿಯಾ ಅನ್ನೋದು ಇದೆ, ಆದ್ರೆ ನೂರಕ್ಕೆ ಒಬ್ರಿಂದ ನಾಲ್ಕು ಜನಕ್ಕೆ ಅಷ್ಟೇ ಅಂತ ಲೆಕ್ಕ. "ನಂಗೆ ಹಾಡಕ್ಕೆ ಬರಲ್ಲ" ಅನ್ನೋರಲ್ಲಿ ಬಹಳ ಜನಕ್ಕೆ ಕೇಳೋದು ಸರಿಯಾಗೇ ಇರುತ್ತೆ, ಕೇಳಿದ್ದನ್ನ ಗಂಟಲಿಗೆ ಇಳಿಸೋ ಜಾಗದಲ್ಲಿ ತೊಡಕು.

ತಡವಾಗಿ_ಸರಿಗಮ:
ಇದನ್ನ ಓದಿ ನಂಗೆ ಸ್ವಲ್ಪ ಅಳು ಬಂತು, ಆಮೇಲೆ ಬರೀತೀನಿ.

ಒಂಟಿಕೊಪ್ಪಲ್_ಕಾಫಿ:
ನಮ್ಮನೆ ವಿಷಯ ಇಲ್ಲಿಗೆ ಸಂಬಂಧ ಇದ್ಯೋ ಇಲ್ವೋ. ನಮ್ಮ ತಂದೆಗೆ ಎರಡು ವರ್ಷದ ಹಿಂದೆ ಮಿದುಳಿನ ಎಡಗಡೆ ಸ್ಟ್ರೋಕ್ ಆಯ್ತು, ಮಾತು ಹೋಯ್ತು. ನೀರು ಬೇಕು ಅನ್ನೋಕೂ ಆಗ್ತಿರ್ಲಿಲ್ಲ, ಕೈ ತೋರ್ಸಿ ತೋರ್ಸಿ ಸಿಟ್ಟು ಬಂದು ಲೋಟ ಎಸೆಯೋರು. ಒಂದು ಶನಿವಾರ ಸಂಜೆ ಅಮ್ಮ ದೀಪ ಹಚ್ಚಿ ದಾಸರ ಪದ ಹೇಳ್ತಿದ್ರೆ ಹಿಂದಿನಿಂದ ಅಪ್ಪ ಎರಡನೇ ಸಾಲು ಪೂರ್ತಿ ಹಾಡ್ಬಿಟ್ರು, ಮಾತು ಸ್ಪಷ್ಟ. ಅಮ್ಮನ ಕೈಲಿದ್ದ ಬೆಂಕಿಪಟ್ಟಣ ಬಿದ್ದೋಯ್ತು. ಅದೇ ಪದಗಳನ್ನ ಮಾತಾಡ್ಸಿ ಹೇಳಿ ಅಂದ್ರೆ ಇಲ್ಲ.

ಸ್ಪೀಚ್ ಥೆರಪಿ ಕೊಡೋರು ಇದನ್ನೇ ಹಿಡ್ಕೊಂಡು "ನೀ...ರು ಬೇ...ಕು" ಅಂತ ಎರಡು ಸ್ವರದಲ್ಲಿ ರಾಗವಾಗಿ, ಎಡಗೈ ತಟ್ಟುತ್ತಾ ಹೇಳಿಸಿದ್ರು. ತಿಂಗಳುಗಟ್ಟಲೆ. ಈಗ ರಾಗ ಇಲ್ದೇನೂ ನೀರು ಬೇಕು, ಕಾಫಿ ಕೊಡು ಅಂತಾರೆ, ಜಾಸ್ತಿ ಅಲ್ಲ, ಒಂದಿಪ್ಪತ್ತು ಮೂವತ್ತು ಮಾತು.

ಗಂಗೋತ್ರಿ_ಹಾಸ್ಟೆಲ್:
ತುಂಬಾ ಸಂಬಂಧ ಇದೆ ಸರ್. ಅದಕ್ಕೆ ಮೆಲೋಡಿಕ್ ಇಂಟೊನೇಶನ್ ಥೆರಪಿ ಅಂತಾರೆ, 1973ರಿಂದ ಇದೆ. ಎಡಗಡೆ ಮಾತಿನ ಜಾಗ ಪೆಟ್ಟಾದ್ರೂ ಹಾಡೋ ದಾರಿ ಪೂರ್ತಿ ಮುಚ್ಚಿರಲ್ಲ. ಬಲಗಡೆ ಮಿದುಳು ಕೈ ಕೊಡುತ್ತಾ, ಇಲ್ಲ ತಾಳ ಮತ್ತೆ ಬಾಯಿಪಾಠ ಆಗಿರೋ ಪದಗಳದ್ದೇ ಸಹಾಯನಾ ಅನ್ನೋದ್ರ ಬಗ್ಗೆ ಇನ್ನೂ ಜಗಳ ಇದೆ. ಎಲ್ರಿಗೂ ಕೆಲಸ ಮಾಡಲ್ಲ. ನಿಮ್ಮ ತಂದೆಗೆ ಮಾಡ್ತಲ್ಲ, ಅದು ಸಂತೋಷ.

ಲೆಕ್ಕದ_ಮೇಷ್ಟ್ರು:
ಕಾಫಿಯವ್ರೇ, ತಂದೆಗೆ ನಮಸ್ಕಾರ ತಿಳ್ಸಿ. ಇಲ್ಲಿ ನಾನು ತರ್ಕ ಮಾಡಲ್ಲ.

ಗದ್ದಲದ ವಿಷಯಕ್ಕೆ ವಾಪಸ್ ಬರ್ತೀನಿ. ಗದ್ದಲದಲ್ಲಿ ಮೊದ್ಲು ಕಳೆದುಹೋಗೋದು ವ್ಯಂಜನ. ಬ, ದ, ಗ ಇವು ಬೇರೆ ಬೇರೆ ಅಂತ ಗೊತ್ತಾಗೋದು ಶುರುವಿನ 40-50 ಮಿಲಿಸೆಕೆಂಡಲ್ಲಿ. ಸ್ವರಸ್ಥಾನ ಎಷ್ಟೇ ಚೊಕ್ಕ ಇದ್ರೂ ಬ ದ ಆಗ್ಬಿಟ್ರೆ ಏನುಪಯೋಗ?

ಶ್ರುತಿಪೆಟ್ಟಿಗೆ:
ಇದು ನಮಗೂ ಗೊತ್ತಿರೋ ಕಷ್ಟಾನೇ ಮೇಷ್ಟ್ರೇ. ತಾರಸ್ಥಾಯೀಲಿ ಸಾಹಿತ್ಯ ಅರ್ಥ ಆಗಲ್ಲ ಅಂತ ಬೈಸ್ಕೋತೀವಲ್ಲ. ಸ 196 ಆದ್ರೆ ತಾರಷಡ್ಜ 392. "ಇ" ಅನ್ನೋದನ್ನ ಇ ಮಾಡೋ ಮೊದಲನೇ ಅನುರಣನ, ಅಂದ್ರೆ ಬಾಯಿ ಗಂಟಲೊಳಗೆ ಶಬ್ದ ತುಂಬ್ಕೊಂಡು ಮೊಳಗೋ ಜಾಗ, ಸುಮಾರು 300 ಹರ್ಟ್ಜ್ ಹತ್ತಿರ ಇರುತ್ತೆ ಅಂತ ಒಂದು ಶಿಬಿರದಲ್ಲಿ ಹೇಳಿದ್ರು, ಅಷ್ಟು ಮೇಲೆ ಹೋದ್ಮೇಲೆ ಆ ಜಾಗದಲ್ಲಿ ಶಬ್ದವೇ ಇಲ್ಲ, ಬಾಯಿ ಅಗಲಿಸ್ತೀವಿ, ಇ ಹೋಗಿ ಎ ಆಗುತ್ತೆ.

ಗಂಗೋತ್ರಿ_ಹಾಸ್ಟೆಲ್:
ಮೇಷ್ಟ್ರು ಹೇಳಿದ್ದು ಅರ್ಧ ಸರಿ. ಛತ್ರದ ಗದ್ದಲ ಅಂದ್ರೆ ಫ್ಯಾನ್ ಸದ್ದಲ್ಲ, ಹತ್ತು ಜನದ ಮಾತು. ಇಬ್ರು ಒಟ್ಟಿಗೆ ಮಾತಾಡಿದ್ರೆ ಅವ್ರ ದನಿಯ ಶ್ರುತಿ ಬೇರೆ ಬೇರೆ ಇದ್ದಷ್ಟೂ ಮಿದುಳಿಗೆ ಬಿಡಿಸಕ್ಕೆ ಸುಲಭ. ಶ್ರುತಿನ ಗಟ್ಟಿಯಾಗಿ ಹಿಡಿಯೋ ಮಿದುಳಿಗೆ ಒಂದು ದಾರದ ತುದಿ ಸಿಕ್ಕಂಗೆ, ಅದನ್ನ ಹಿಡ್ಕೊಂಡು ಒಬ್ರನ್ನೇ ಹಿಂಬಾಲಿಸಬಹುದು. ಸಿಗಬಹುದು ಅಂತ ಅಷ್ಟೇ ಹೇಳ್ತಿದೀನಿ.

ಅಜ್ಜಿ ವಿಷಯಕ್ಕೆ ಹತ್ತಿರ ಇರೋದು 2019ರ ಕೆನಡಾದ ಸ್ಟಡಿ. ವಯಸ್ಸಾಗಿ ಕಿವಿ ಮಂದ ಆದೋರನ್ನ ಹತ್ತು ವಾರ ಗುಂಪು ಹಾಡಿಗೆ ಸೇರಿಸಿದ್ರು, ಮೊದ್ಲು ಹಾಡಿ ಅಭ್ಯಾಸ ಇರ್ಲಿಲ್ಲ. ಕೊನೇಲಿ ಗದ್ದಲದಲ್ಲಿ ಮಾತು ಹಿಡಿಯೋದೂ ಸುಧಾರಿಸ್ತು, ಬ್ರೈನ್‌ಸ್ಟೆಮ್‌ನ ಶ್ರುತಿ ನಕಲೂ ಗಟ್ಟಿ ಆಯ್ತು.

ಲೆಕ್ಕದ_ಮೇಷ್ಟ್ರು:
ಹೋಲಿಕೆಯ ಗುಂಪು ಏನು ಮಾಡ್ತಿತ್ತು?

ಗಂಗೋತ್ರಿ_ಹಾಸ್ಟೆಲ್:
...ಏನೂ ಮಾಡ್ತಿರ್ಲಿಲ್ಲ ಸರ್.

ಲೆಕ್ಕದ_ಮೇಷ್ಟ್ರು:
ಸರಿ. ವಾರವಾರ ಮನೆಯಿಂದ ಆಚೆ ಬಂದು ನಾಲ್ಕು ಜನದ ಜೊತೆ ಹರಟಿದ್ದಕ್ಕೂ ಆಗಿರಬಹುದು. ಆದ್ರೂ ಹಾಡಕ್ಕೆ ಬರ್ದೇ ಇದ್ದೋರನ್ನ ಕೂರಿಸಿ ಮುಂಚೆ ಆಮೇಲೆ ಅಂತ ಅಳತೆ ಮಾಡಿದಾರಲ್ಲ, ಅವಳಿಗಳಿಗಿಂತ ಇದು ನಮ್ಮ ಪ್ರಶ್ನೆಗೆ ಹತ್ತಿರ. ಅರ್ಧ ಮಾರ್ಕು.

ತಡವಾಗಿ_ಸರಿಗಮ:
ಹದಿನೈದು ದಿನ ಆದ್ಮೇಲೆ ಬರೀತಿದೀನಿ. ಅಮ್ಮನ್ನ ಟೆಸ್ಟ್‌ಗೆ ಕರ್ಕೊಂಡು ಹೋಗಿದ್ವಿ. ಎರಡೂ ಕಿವೀಲಿ ಮೇಲಿನ ಫ್ರೀಕ್ವೆನ್ಸಿ ಕಮ್ಮಿಯಾಗಿದೆ, ಮೆಷಿನ್ ಬೇಕು ಅಂದ್ರು, ಟ್ರಯಲ್ ಕೊಟ್ಟಿದಾರೆ. ಮೇಷ್ಟ್ರಿಗೆ ಥ್ಯಾಂಕ್ಸ್. ಹಾಡೂ ಶುರು ಆಗಿದೆ, ದಿನಾ ಸಂಜೆ ನನ್ ಜೊತೆ ಸ ಪ ಸ, ಅಮ್ಮ ಮೊದಲನೇ ದಿನವೇ "ನಿನ್ ಪ ಸ್ವಲ್ಪ ಕೆಳಗಿದೆ ಕಣೇ" ಅಂದ್ರು. ಮೂರು ವರ್ಷ ಫೀಸ್ ಕಟ್ಟಿದೋಳು ನಾನು.

ಒಂದು ತಮಾಷೆ. ಸ್ಯಾನ್ ಡಿಯಾಗೊದಲ್ಲಿ ಡಯಾನಾ ಡಾಯ್ಚ್ ಅಂತ ಒಬ್ರು 1995ರಲ್ಲಿ ತಮ್ಮದೇ ಮಾತಿನ ರೆಕಾರ್ಡಿಂಗ್ ತಿದ್ದುತ್ತಾ ಒಂದು ತುಣುಕನ್ನ ಲೂಪ್‌ನಲ್ಲಿ ಹಾಕಿ ಮರೆತುಬಿಟ್ರಂತೆ, ಸ್ವಲ್ಪ ಹೊತ್ತಾದ್ಮೇಲೆ ಯಾರೋ ಹಾಡ್ತಿದಾರೆ ಅನ್ನಿಸ್ತಂತೆ. ಹಾಸ್ಟೆಲ್ ಹುಡುಗಿ ಪರ್ಸನಲ್ ಆಗಿ ಹೇಳಿದ್ಲು. ನಾನೂ ಅಮ್ಮ "ಹಾಲು ಉಕ್ಕೋಯ್ತು ನೋಡೇ" ಅಂದಿದ್ದನ್ನ ಫೋನಲ್ಲಿ ಹಿಡ್ದು ಹತ್ತು ಸಲ ತಿರುಗಿಸಿದೆ. ಐದನೇ ಸಲಕ್ಕೆ ಹಾಡಾಯ್ತು, ಈಗ ಅಮ್ಮ ನಿಜವಾಗ್ಲೂ ಹಾಲುಕ್ಕಿಸಿ ಕೂಗಿದ್ರೂ ನಂಗೆ ಹಾಡೇ ಕೇಳುತ್ತೆ, ಸ್ಟವ್ ಆಫ್ ಮಾಡೋದು ಮರೀತೀನಿ.

ಇನ್ನೊಂದು, ಸೊಪ್ಪಿನವ್ರ ಕೂಗನ್ನ ಬಾಲ್ಕನಿಯಿಂದ ಆರು ದಿನ ರೆಕಾರ್ಡ್ ಮಾಡಿ ಟ್ಯೂನರ್ ಆ್ಯಪ್‌ನಲ್ಲಿ ನೋಡಿದೆ. ನಾಲ್ಕು ದಿನ ಹೆಚ್ಚುಕಮ್ಮಿ ಒಂದೇ ಜಾಗ, ಎರಡು ದಿನ ಮಾತ್ರ ಸುಮಾರು ಒಂದು ಸ್ವರ ಮೇಲೆ ಹೋಗಿದೆ, ಆದ್ರೆ ಸ ಗ ನಡುವಿನ ದೂರ ಅಷ್ಟೇ ಇದೆ. ಇದ್ಯಾಕೆ?

ಗಂಗೋತ್ರಿ_ಹಾಸ್ಟೆಲ್:
ಆ ಎರಡು ದಿನ ಬೀದೀಲಿ ಗಲಾಟೆ ಇತ್ತಾ ನೋಡಿ ಆಂಟಿ. ಸುತ್ತ ಸದ್ದು ಜಾಸ್ತಿ ಆದ್ರೆ ನಾವು ಗೊತ್ತಿಲ್ದೇ ಜೋರಾಗಿ ಮಾತಾಡ್ತೀವಿ, ಶ್ರುತಿನೂ ಏರುತ್ತೆ. ಲೊಂಬಾರ್ಡ್ ಎಫೆಕ್ಟ್ ಅಂತ, 1911ರಲ್ಲಿ ಫ್ರೆಂಚ್ ಡಾಕ್ಟರ್ ಒಬ್ರು ಬರೆದಿದ್ದು. ನಮಗೆ ಗೊತ್ತಾಗಲ್ಲ, ತಾನೇ ಆಗೋದು.

ತಡವಾಗಿ_ಸರಿಗಮ:
ಎದುರು ಸೈಟಲ್ಲಿ ಮೌಲ್ಡ್ ಹಾಕಿದ ದಿನ ಒಂದು, ಇನ್ನೊಂದು ಬೋರ್‌ವೆಲ್ ಲಾರಿ ನಿಂತಿದ್ದ ದಿನ! ಇವತ್ತು ಬೆಳಗ್ಗೆ ಕೆಳಗಿಳಿದು ಅವ್ರನ್ನೇ ಕೇಳಿದೆ, ಅಮ್ಮಾ ಗಲಾಟೆ ಇದ್ರೆ ನಿಮ್ಮ ಕೂಗು ತಾನಾಗೇ ಮೇಲೆ ಹೋಗುತ್ತಂತೆ, ನಿಮಗೇ ಗೊತ್ತಾಗಲ್ವಂತೆ ಹೌದಾ ಅಂತ. ಬುಟ್ಟಿ ಇಳಿಸಿ ನನ್ನನ್ನ ಒಂದ್ಸಲ ಮೇಲಿಂದ ಕೆಳಗೆ ನೋಡಿದ್ರು. "ಯಾಕ್ ಗೊತ್ತಾಗಕಿಲ್ಲವ್ವ, ನಾನೇ ಏರ್ಸೋದು. ಏರುಸ್ದಿದ್ರೆ ಮೂರ್ನೇ ಮಾಡಿಗೆ ಕೇಳಕಿಲ್ಲ. ಇವತ್ತು ದಂಟು ಬೇಕೋ ಬ್ಯಾಡ್ವೋ ಅದ್ ಹೇಳು."